ದೋಣಿಯ ಮೇಲಿನ ಪಾರಣೆ

ಅಮೆರಿಕದ ನೋವೈ ಊರಿನಲ್ಲಿರುವ ನನ್ನ ದಿನಸಿ ಅಂಗಡಿಗೆ ಪ್ರತಿ ನವೆಂಬರಿನಲ್ಲಿ ಹೊಸ ವರ್ಷದ ಕ್ಯಾಲೆಂಡರಿನ ಎರಡು ಕಟ್ಟು ಬರುತ್ತವೆ. ಒಂದು ಬೆಂಗಳೂರಿನದು, ಇನ್ನೊಂದು ಅಮೆರಿಕದ ಸೂರ್ಯೋದಯಕ್ಕೆ ಲೆಕ್ಕ ಹಾಕಿ ಇಲ್ಲೇ ಅಚ್ಚು ಹಾಕಿಸಿದ್ದು. ಕಟ್ಟಿನ ದಾರ ಕತ್ತರಿಸಿದ ಕೂಡಲೇ ಹಸಿ ಮಸಿಯ ವಾಸನೆ, ಅಂಟಿನ ವಾಸನೆ ಗಪ್ಪಂತ ಮೂಗಿಗೆ ಹೊಡೆಯುತ್ತದೆ. ಇಪ್ಪತ್ತು ವರ್ಷದಿಂದ ಆ ವಾಸನೆ ನನಗೆ ಒಳ್ಳೆಯ ವ್ಯಾಪಾರದ ವಾಸನೆಯಾಗಿತ್ತು. ಈಚೆಗೆ ಹಾಗಿಲ್ಲ. ಈ ಸಲವೂ ದಾರ ಕತ್ತರಿಸಿದೆ, ಎರಡೂ ಕ್ಯಾಲೆಂಡರು ಕೌಂಟರಿನ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟೆ, ಒಂದು ತಿಂಗಳ ಏಕಾದಶಿ ಎರಡರಲ್ಲೂ ಬೇರೆ ಬೇರೆ ದಿನ ಇತ್ತು... ನನ್ನ ವಾರಗಿತ್ತಿ ಕಣ್ಣಮುಂದೆ ಬಂದು ನಿಂತಳು.

ಗಿರಾಕಿಗಳು ನನ್ನನ್ನು ಕೇಳುತ್ತಿರುತ್ತಾರೆ, ಆಂಟಿ, ಎರಡು ಯಾಕೆ ಇಡ್ತೀರಿ, ಒಂದು ಸಾಲದೇ ಅಂತ. ಸಾಲದು. ತಿಥಿ ಬದಲಾಗುವ ಗಳಿಗೆ ಲೋಕಕ್ಕೆಲ್ಲ ಒಂದೇ. ಆದರೆ ಆ ಗಳಿಗೆಯಲ್ಲಿ ಬೆಂಗಳೂರಿನಲ್ಲಿ ಬೆಳಗಾಗಿ ಎಷ್ಟೋ ಹೊತ್ತಾಗಿರುತ್ತದೆ, ಇಲ್ಲಿ ಇನ್ನೂ ಸೂರ್ಯ ಹುಟ್ಟಿರುವುದಿಲ್ಲ. ಉಪವಾಸ ಹಿಡಿಯುವವರು ಸೂರ್ಯೋದಯಕ್ಕೆ ಯಾವ ತಿಥಿ ಇದೆ ಅಂತ ನೋಡುತ್ತಾರೆ. ಹಾಗಾಗಿ ಕೆಲವು ತಿಂಗಳು ಅಮೆರಿಕದ ಏಕಾದಶಿ ಒಂದು ದಿನ ಮುಂಚೆ ಬರುತ್ತದೆ. ಮನೆಯಲ್ಲಿ ವ್ರತ ಮಾಡುವ ಹಿರಿಯರಿದ್ದರೆ ನೀವಿರುವ ಊರಿನದನ್ನೇ ನೋಡಿ, ಊರು ಬಿಟ್ಟು ಹೊರಟರೆ ಹೋಗುವ ಊರಿನದನ್ನು ಮತ್ತೆ ಕೇಳಿ. ಈ ಬುದ್ಧಿಮಾತನ್ನು ನಾನು ಬಿಟ್ಟಿಯಾಗಿ ಎಲ್ಲರಿಗೂ ಹೇಳುತ್ತೇನೆ. ಹೇಳಬೇಕಾಗಿದ್ದ ಒಬ್ಬಳಿಗೆ ಹೇಳಲಿಲ್ಲ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಧಾರವಾಡದವಳು, ಡಾಕ್ಟರು, ಆಪರೇಷನ್‌ಗೆ ಮುಂಚೆ ರೋಗಿಗೆ ಮತ್ತು ಬರಿಸುವ ಕೆಲಸ. ಚಿಕಾಗೋದ ಹೊರಗೆ ದೊಡ್ಡ ಮನೆ, ಹಿಂದುಗಡೆ ಕೊಳ, ಕೊಳದಲ್ಲಿ ಬಾತುಕೋಳಿ. ನಾನು ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಯಲ್ಲಿ ಬೆಳೆದವಳು. ನನ್ನ ಗಂಡ ಪಕ್ಕದ ಊರು ಪ್ಲಿಮತ್‌ನ ಒಂದು ಕಾರ್ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರ್. ಆ ಕೆಲಸ ಒಮ್ಮೆ ಹೋಯಿತು. ಆಗ ನಾನು ಬೇಸ್‌ಮೆಂಟಿನಲ್ಲಿ ಚಪಾತಿ ಲಟ್ಟಿಸಿ ಮಾರಿದೆ, ಹಬ್ಬಕ್ಕೆ ಒಬ್ಬಟ್ಟು ಮಾರಿದೆ, ರವಿಕೆ ಹೊಲಿದೆ, ಕೊನೆಗೆ ಈ ಅಂಗಡಿ. ಬಾಡಿಗೆ ಮಾತಾಡಿದ್ದು ನಾನು, ಫ್ರೀಜರ್ ಮಾತಾಡಿದ್ದು ನಾನು. ಕಾರು ಕೊಳ್ಳುವಾಗ ನೋವೈಯ ಅರ್ಧಕ್ಕರ್ಧ ಕನ್ನಡದವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಮೊದಲನೇ "ಇಲ್ಲ" ಅನ್ನುವುದು ಉತ್ತರವಲ್ಲ, ಅದು ಮಾತಿನ ಶುರು. ಇದು ನಾನು ಕಲಿತ ವಿದ್ಯೆ. ಮೂರು ಸಲ ಕೇಳಿ. ಮೂರನೇ ಸಲ ನಗುತ್ತಾ ಕೇಳಿ.

ಅಕ್ಕ ಎಲ್ಲೂ ಚೌಕಾಸಿ ಮಾಡಿದವಳಲ್ಲ. ಬಿಲ್ ಬಂದರೆ ಓದದೆ ಕಾರ್ಡ್ ಕೊಡುವಳು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ ಈಗ. ಅವಳ ಹಣಕ್ಕಿಂತ ಅವಳ ನಿರಾಳಕ್ಕೆ ಉರಿಯುತ್ತಿದ್ದೆ. ನಾನು ಹತ್ತು ಮಾತಾಡಿ ಗೆಲ್ಲುವ ಜನರನ್ನು ಅವಳು ಸುಮ್ಮನೆ ಪಕ್ಕದಲ್ಲಿ ಕೂತು ಗೆಲ್ಲುತ್ತಿದ್ದಳು.

ನನ್ನ ಪಾಲಿಗೆ ಅಂತ ಒಂದೇ ಒಂದು ಇತ್ತು. ಅಡುಗೆ. ನಮ್ಮ ಅತ್ತೆ ಮಡಿಯವರು, ಏಕಾದಶಿ ದಿನ ಒಂದು ತೊಟ್ಟು ನೀರೂ ಕುಡಿಯದವರು. ಮಾವ ಹೋದ ಮೇಲೆ ಮೂರು ತಿಂಗಳು ಚಿಕಾಗೋದಲ್ಲಿ, ಮೂರು ತಿಂಗಳು ನಮ್ಮಲ್ಲಿ ಇರುತ್ತಿದ್ದರು. ಚಿಕಾಗೋದಲ್ಲಿ ಅವರಿಗಾಗಿಯೇ ಒಬ್ಬ ಅಡುಗೆ ಭಟ್ಟರು ಬರುತ್ತಿದ್ದರು. ಅಕ್ಕ ಒಲೆಯ ಹತ್ತಿರ ಸುಳಿದದ್ದು ಯಾರೂ ನೋಡಿರಲಿಲ್ಲ. ಬೆಳಗ್ಗೆ ಐದಕ್ಕೆ ಆಸ್ಪತ್ರೆಗೆ ಹೋದರೆ ಕತ್ತಲಾದ ಮೇಲೆ ಬರುವಳು. ನಮ್ಮ ಮನೆಯಲ್ಲಿ ಮಾತ್ರ ನಾನು ಸ್ನಾನ ಮಾಡಿ, ಮಡಿಯುಟ್ಟು, ಅಂಗಡಿ ತೆಗೆಯುವುದಕ್ಕೆ ಮೊದಲು ಅತ್ತೆಗೆ ತೊವ್ವೆ ಅನ್ನ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದೆ. "ಸೊಸೆ ಕೈ ಊಟ" ಅಂತ ಅತ್ತೆ ಫೋನಿನಲ್ಲಿ ಯಾರಿಗಾದರೂ ಹೇಳುವುದು ಕೇಳಿದರೆ ಆ ದಿನವೆಲ್ಲ ನನಗೆ ರೆಕ್ಕೆ.

ಆ ವರ್ಷ ಅತ್ತೆಗೆ ಗ್ರೀನ್ ಕಾರ್ಡ್ ಬಂತು. ಮಂಡಿನೋವೂ ಬಂತು. "ಈ ಓಡಾಟ ನನ್ನ ಕೈಲಾಗಲ್ಲ ಕಣ್ರೋ. ಬೇಸಿಗೆ ಕಳೀಲಿ, ಒಂದು ಮನೆ ಅಂತ ನಿರ್ಧಾರ ಮಾಡ್ತೀನಿ, ಅಲ್ಲೇ ಇದ್ಬಿಡ್ತೀನಿ" ಅಂದರು. ಮಕ್ಕಳಿಬ್ಬರೂ ತಲೆಯಾಡಿಸಿ ಟಿವಿ ನೋಡಿದರು. ಸೊಸೆಯರಿಬ್ಬರೂ ಟಿವಿ ನೋಡಲಿಲ್ಲ. ಅವರು ನಮ್ಮ ಮನೆಯನ್ನೇ ಹೇಳಬೇಕು ಅನ್ನುವುದು ನನಗೆ ಆಸೆಗಿಂತ ಹೆಚ್ಚಾಗಿತ್ತು. ಹನ್ನೆರಡು ವರ್ಷ ನಸುಕಿನಲ್ಲೆದ್ದು ಒಲೆ ಹಚ್ಚಿದ್ದಕ್ಕೆ ನನಗೆ ಬೇಕಾಗಿದ್ದ ಮಾತು ಅದೊಂದೇ.

ಆ ಬೇಸಿಗೆಯಲ್ಲೇ ಅಕ್ಕನಿಗೆ ಜಿನೀವಾದಲ್ಲಿ ಡಾಕ್ಟರುಗಳ ಸಮ್ಮೇಳನವೊಂದು ಬಿತ್ತು. ಫೋನ್ ಮಾಡಿದಳು.

"ತಂಗಿ, ನೀ ಅತ್ತಿಯವ್ರನ್ನ ಕರ್ಕೊಂಡು ಜಿನೀವಾಕ್ಕ ಬಾ. ಟಿಕೆಟ್ ನಾ ತಗಸ್ತೀನಿ. ಅಲ್ಲೆ ಒಂದು ದೋಣಿ ಹೇಳೀನಿ, ನಮಗಷ್ಟ. ಸರೋವರದ ಆಚಿ ದಂಡಿಗೆ ಏಳುನೂರು ವರ್ಷದ ಹಳೀ ಊರು ಅದ, ಕ್ವಾಟಿ, ಕಲ್ಲಿನ ಮನಿ... ಅಲ್ಲಿಗೆ ಒಂದು ದಿವಸ ಹೋಗಿಬರೋಣು. ಬುಧವಾರ ಏಕಾದಶಿ ಅದ, ನೋಡೀನಿ. ಗುರುವಾರ ಮುಂಜಾನೆ ಪಾರಣಿ ದೋಣ್ಯಾಗ. ಅಡಿಗಿ ನಾನ ಮಾಡ್ತೀನಿ."

ಪಾರಣೆ ಅಂದರೆ ಏಕಾದಶಿಯ ಮಾರನೇ ದಿನ, ದ್ವಾದಶಿಯ ಬೆಳಗ್ಗೆ, ಹೊತ್ತು ಮೀರುವುದರೊಳಗೆ ಉಪವಾಸ ಬಿಡುವ ಊಟ.

"ನೀವಾ ಅಕ್ಕ? ಅಡುಗೆ?" ಅಂದೆ.

"ನಗಬ್ಯಾಡ. ಇಷ್ಟ್ ವರ್ಷ ಆತು, ಅವ್ರಿಗೆ ಒಂದು ತುತ್ತು ನನ್ನ ಕೈಯಿಂದ ಹಾಕಿಲ್ಲ. ಅತ್ತಿಗೆ ಮಾತ್ರ ಹೇಳಬ್ಯಾಡ ಮತ್ತ. ಅವ್ರಿಗೆ ಗೊತ್ತಾಗದಂಗ ಮಾಡೋದದ."

ನಾನು ಫೋನಿಟ್ಟು ಕೌಂಟರಿನಲ್ಲಿ ಕೂತೆ. ಒಂದು ದೋಣಿ, ಒಂದು ಊಟ. ನನ್ನ ಹನ್ನೆರಡು ವರ್ಷದ ಎದುರಿಗೆ ಒಂದೇ ಬೆಳಗನ್ನು ತಕ್ಕಡಿಯಲ್ಲಿಟ್ಟು ಸಮ ಮಾಡುತ್ತಾಳೆ ಅನ್ನಿಸಿತು. ಎದುರಿಗೇ ಎರಡು ಕ್ಯಾಲೆಂಡರು ನೇತಾಡುತ್ತಿದ್ದವು. ಅಕ್ಕ ನೋಡಿದ್ದು ಅಮೆರಿಕದ್ದು: ಬುಧವಾರ. ಬೆಂಗಳೂರಿನದರಲ್ಲಿ ಗುರುವಾರ. ಹೊರಡುವ ಸುದ್ದಿ ತಿಳಿದ ಎರಡು ದಿನಕ್ಕೆ ಅತ್ತೆ ನನ್ನನ್ನು ಕೇಳಿದರು, "ನಾವು ಹೋಗೋ ಊರಿನ ಸೂರ್ಯೋದಯಕ್ಕೆ ಏಕಾದಶಿ ಯಾವತ್ತು, ಫೋನಲ್ಲಿ ನೋಡಿ ಹೇಳೇ" ಅಂತ. ನೋಡಿ ಹೇಳಿದೆ. ಜಿನೀವಾದಲ್ಲೂ ಗುರುವಾರವೇ.

ಅಂದರೆ ಅಕ್ಕ ಪಾರಣೆಗೆ ಎಬ್ಬಿಸುವ ಹೊತ್ತಿಗೆ ಅತ್ತೆಯ ಉಪವಾಸ ಆಗತಾನೇ ಶುರುವಾಗಿರುತ್ತದೆ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ದೋಣಿಯನ್ನು ಶುಕ್ರವಾರಕ್ಕೆ ಹಾಕಿಕೊಳ್ಳಿ ಅಕ್ಕ, ಅಷ್ಟೇ. ಇವತ್ತು ಮಾಡ್ತೀನಿ, ನಾಳೆ ಮಾಡ್ತೀನಿ ಅಂದುಕೊಂಡೆ. ಹಾಗಂದುಕೊಂಡೇ ಒಂದು ತಿಂಗಳು ಕಳೆದೆ. ಟಿಕೆಟ್ಟು ಮಾತ್ರ ನಾನೇ ಕೊಂಡೆ, ಅವಳ ಋಣ ಬೇಡ ಅಂತ. ಡೆಟ್ರಾಯಿಟಿನಿಂದ ಹೊರಡುವ ಮೂರು ವಿಮಾನದ ರೇಟು ಹೋಲಿಸಿ, ಏಜೆಂಟನನ್ನು ಗೋಳಾಡಿಸಿ ಇಳಿಸಿದೆ. ಅಷ್ಟಕ್ಕೆಲ್ಲ ನನಗೆ ಪುರಸೊತ್ತಿತ್ತು.

ಬುಧವಾರ ಬೆಳಗ್ಗೆ ಜಿನೀವಾ ಮುಟ್ಟಿದೆವು. ಅಕ್ಕ ಎರಡು ದಿನ ಮೊದಲೇ ಬಂದಿದ್ದಳು, ಹಗಲೆಲ್ಲ ಸಮ್ಮೇಳನ. ನಾನೂ ಅತ್ತೆಯೂ ಒಂದೇ ರೂಮು. ಅವರಿಗೆ ಅವತ್ತು ದಶಮಿ, ಒಂದೇ ಹೊತ್ತಿನ ಊಟ. ಮಧ್ಯಾಹ್ನ ನಾನು ತಂದಿದ್ದ ಅವಲಕ್ಕಿ ನೆನೆಸಿ ಮೊಸರು ಹಾಕಿಕೊಟ್ಟೆ. ಸಂಜೆ ಅಕ್ಕ ಬರುವಷ್ಟರಲ್ಲಿ ಅತ್ತೆ ಮಲಗಿದ್ದರು. ಬಾಗಿಲಲ್ಲೇ ನಿಂತು ಇಣುಕಿದಳು.

"ಪಾಪ, ನೀರೂ ಇಲ್ಲದ ಉಪವಾಸ. ಎಷ್ಟು ಸೊರಗ್ಯಾರ ನೋಡು. ಎಬ್ಬಸಬ್ಯಾಡ" ಅಂತ ಪಿಸುಗುಟ್ಟಿದಳು.

ನನ್ನ ಬೆನ್ನ ಹಿಂದೆ ಮೇಜಿನ ಮೇಲೆ ಅವಲಕ್ಕಿ ಡಬ್ಬಿ ಇತ್ತು. ನಾನು "ಹ್ಞೂಂ ಅಕ್ಕ" ಅಂದೆ.

ಮಾರನೇ ದಿನ ಏಳು ಗಂಟೆಗೆ ದೋಣಿ. ಎಂಥಾ ದೋಣಿ ಅದು... ಮೈಯೆಲ್ಲ ಕನ್ನಡಿಯಂತೆ ಹೊಳೆಯುವ ಕಂದು ಮರ, ಹಿತ್ತಾಳೆ ಕೊಂಡಿಗಳು, ಹಾಲಿನಂಥ ಬಿಳಿಯ ಸೋಫಾಗಳು. ಮಂಡಿ ಮೇಲೆ ಹೊದ್ದುಕೊಳ್ಳಲು ಉಣ್ಣೆಯ ಶಾಲು, ಬೆಳ್ಳಿಯ ಬುಟ್ಟಿಯಲ್ಲಿ ಹಣ್ಣು. ಬಿಳೀ ಷರಟಿನ ನಾವಿಕ ಕೆಳಗಿಳಿದು ಬಂದು ಅತ್ತೆಯ ಕೈಯನ್ನು ಮೊಳಕೈವರೆಗೂ ಹಿಡಿದು, ಮದುವಣಗಿತ್ತಿಯನ್ನು ಹತ್ತಿಸುವ ಹಾಗೆ ಹತ್ತಿಸಿಕೊಂಡ. ನಾನು ಹತ್ತುತ್ತಲೇ ಒಂದು ದಿನಕ್ಕೆ ಎಷ್ಟಾಗಿರಬಹುದು, ಎಷ್ಟಕ್ಕೆ ಇಳಿಸಬಹುದಿತ್ತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟೆ. ಒಂದು ಸಲಹೆ ಕೊಡುತ್ತೇನೆ, ಇಂಥ ದೋಣಿ ಹೇಳುವುದಿದ್ದರೆ ವಾರದ ನಡುವೆ ಹೇಳಿ, ಬೆಳಗಿನ ಹೊತ್ತು ಹೇಳಿ, ರಿಯಾಯಿತಿ ಕೇಳಿ, ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಅಕ್ಕ ಅದೆಲ್ಲ ಕೇಳಿರಲೇ ಇಲ್ಲ. ಅವಳಿಗೆ ಪಾರಣೆಯ ಹೊತ್ತು ಮುಖ್ಯವಾಗಿತ್ತು, ಅದಕ್ಕೆ ಏಳು ಗಂಟೆ ಅಂದಿದ್ದಳು.

ಅತ್ತೆ ಮುಂಭಾಗದ ಸೋಫಾದಲ್ಲಿ ಗಾಳಿಗೆ ಎದುರಾಗಿ ಕೂತು ಜಪಮಣಿ ತೆಗೆದರು. ಜಪಕ್ಕೆ ಕೂತರೆ ಅವರದ್ದು ಮೌನ. ಬಲಕ್ಕೆ ಬೆಟ್ಟದ ಸಾಲು, ಮೇಲೆ ಹಿಮ, ನೀರು ಹಾಸಿದ ರೇಷ್ಮೆಯ ಹಾಗೆ. ಅಕ್ಕ ಸೀದಾ ಒಳಗೆ ಹೋದಳು. ದೋಣಿಯ ಹೊಟ್ಟೆಯಲ್ಲಿ ಎರಡು ಒಲೆಯ ಒಂದು ಪುಟ್ಟ ಅಡುಗೆಮನೆ. ಮೂರು ಗಂಟೆಗೇ ಎದ್ದು ತಲೆಗೆ ಸ್ನಾನ ಮಾಡಿದ್ದಳಂತೆ. ರೇನ್‌ಕೋಟು ತೆಗೆದರೆ ಒಳಗೆ ಮಡಿಯ ರೇಷ್ಮೆ ಸೀರೆ. ಹೊಸ ಪಾತ್ರೆಗಳನ್ನು ಚಿಕಾಗೋದಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದಳು. ಹೆಸರುಬೇಳೆ, ಅಕ್ಕಿ, ಒಣಗಿಸಿದ ನೆಲ್ಲಿಕಾಯಿ. ಕೈಬರಹದ ಒಂದು ಚೀಟಿಯನ್ನು ಒಲೆಯ ಮೇಲಿನ ಗೋಡೆಗೆ ಆಸ್ಪತ್ರೆಯ ಬಿಳಿ ಟೇಪಿನಿಂದ ಅಂಟಿಸಿದಳು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ದೋಣಿ ತೂಗಿದಾಗಲೆಲ್ಲ ಒಂದು ಕೈ ಪಾತ್ರೆಯ ಮೇಲೆ, ಒಂದು ಕೈ ಗೋಡೆಗೆ. ಉಪ್ಪನ್ನು ಚಮಚದಲ್ಲಿ ತೆಗೆದು, ಮೇಲೆ ಚಾಕು ಎಳೆದು ಸಮ ಮಾಡಿ ಹಾಕಿದಳು, ಮತ್ತಿನ ಔಷಧಿ ಅಳೆಯುವವಳ ಹಾಗೆ. ತಿರುಗಿ ನನ್ನನ್ನು ನೋಡಿ ನಕ್ಕಳು.

"ಹುಣಸಿಹಣ್ಣು ಹಾಕಬಾರ್ದು, ತೊಗರಿಬ್ಯಾಳಿ ಬಾರ್ದು, ದ್ವಾದಶಿಗೆ. ಎಲ್ಲಾ ಕೇಳಿ ಬರ್ಕೊಂಡೀನಿ. ತಪ್ಪಿದ್ರ ನೀ ಹೇಳಬೇಕು ಮತ್ತ."

ತಪ್ಪಿದ್ದರೆ ಹೇಳಬೇಕು... ಮಾತು ನಾಲಿಗೆಯ ತುದಿಗೆ ಬಂತು. ಆಗಲಾದರೂ ಹೇಳಿದ್ದರೆ ಒಲೆ ಆರಿಸಿ, ಬೇಳೆ ಮುಚ್ಚಿಟ್ಟು, ಏನಾದರೂ ಮಾಡಬಹುದಿತ್ತು. "ಎಲ್ಲಾ ಸರಿಯಾಗಿದೆ ಅಕ್ಕ" ಅಂದು ಮೇಲೆ ಬಂದೆ. ಇಂಗಿನ ಒಗ್ಗರಣೆಯ ವಾಸನೆ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂತು. ಗಾಳಿ ಅದನ್ನು ಹಿಂದಕ್ಕೆ ಎಳೆದುಕೊಂಡು ಹೋಯಿತು, ಮುಂದೆ ಕೂತಿದ್ದ ಅತ್ತೆಗೆ ಮುಟ್ಟಲಿಲ್ಲ.

ಎಂಟಕ್ಕೆ ಸ್ವಲ್ಪ ಮುಂಚೆ ಆ ಹಳ್ಳಿ ಕಾಣಿಸಿತು. ನೀರಿನಿಂದಲೇ ಎದ್ದ ಕಲ್ಲಿನ ಕೋಟೆ, ಅದರ ಸುತ್ತ ಒತ್ತಿಕೊಂಡು ಕೂತ ಕಲ್ಲಿನ ಮನೆಗಳು, ಮರದ ಜಗಲಿಗಳಿಂದ ಇಳಿಬಿದ್ದ ಕೆಂಪು ಹೂವು. ನಾವಿಕ ಎಂಜಿನ್ ನಿಲ್ಲಿಸಿ ದೋಣಿಯನ್ನು ಕಲ್ಲಿನ ಕಟ್ಟೆಗೆ ತಂದು ಕಟ್ಟಿದ. ಎಷ್ಟು ನಿಶ್ಶಬ್ದವಿತ್ತೆಂದರೆ ಮೇಲೆ ಯಾರೋ ಕಿಟಕಿ ತೆರೆದದ್ದು ಕೇಳಿಸಿತು. ಆಗ ಅಕ್ಕ ಬೆಳ್ಳಿ ತಟ್ಟೆ ಹಿಡಿದು ಮೇಲೆ ಬಂದಳು. ಬೆವರಿದ್ದಳು. ಕೂದಲಿಗೆ ಹಿಟ್ಟು ಎಲ್ಲಿಂದ ಹತ್ತಿತ್ತೋ.

"ಅತ್ತಿ, ಪಾರಣಿಗೆ ಏಳ್ರಿ. ಇವತ್ತ ನನ್ನ ಕೈ ಅಡಿಗಿ."

ಅತ್ತೆ ಜಪಮಣಿ ಕಣ್ಣಿಗೊತ್ತಿಕೊಂಡು ಕೆಳಗಿಟ್ಟರು. ತಟ್ಟೆ ನೋಡಿದರು, ಅವಳ ಮುಖ ನೋಡಿದರು.

"ಪಾರಣೆನಾ? ಅಯ್ಯೋ ನನ್ನ ಕಂದಾ... ಇವತ್ತೇ ಅಲ್ವೇನೇ ಏಕಾದಶಿ!"

ಅಕ್ಕ ನಗಲು ನೋಡಿದಳು. "ಇಲ್ರೀ ಅತ್ತಿ, ನಿನ್ನೆ ಆತಲ್ಲ, ಬುಧವಾರ. ನಾ ಕ್ಯಾಲೆಂಡರ್‌ನ್ಯಾಗ..." ಅಂದವಳು ಅಲ್ಲೇ ನಿಲ್ಲಿಸಿದಳು. ಬುದ್ಧಿವಂತೆ, ಹೆಚ್ಚು ಹೇಳಬೇಕಾಗಲಿಲ್ಲ. ನನ್ನ ಕಡೆ ತಿರುಗಿದಳು.

"ನಿನಗ ಗೊತ್ತಿರಲಿಲ್ಲೇನು?"

"ಇಲ್ಲ ಅಕ್ಕ" ಅಂದೆ.

ಅತ್ತೆ ನನ್ನನ್ನು ನೋಡಿದರು.

ಅಕ್ಕ ತಟ್ಟೆ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. "ತಂಗಿ, ನೀ ಆ ದೋಣಿಯವನ ಜೋಡಿ ಮಾತಾಡು. ನಾಳೆ ಮುಂಜಾನೆ ಒಂದ ತಾಸು, ಹೋಟೆಲಿನ ಮುಂದ ದಂಡಿಗೆ ನಿಂತರೂ ಸಾಕು, ಒಲಿ ಒಂದು ಸಿಕ್ಕರ ಆತು. ನನಗ ಕೇಳ್ಲಿಕ್ಕೆ ಬರೂದಿಲ್ಲ. ನಿನ್ನ ಮಾತಿಗೆ ಯಾರೂ ಇಲ್ಲ ಅಂದಿಲ್ಲ."

ಹೋಟೆಲಿನಲ್ಲಿ ಒಲೆ ಇರಲಿಲ್ಲ. ನಮ್ಮ ವಿಮಾನ ಶುಕ್ರವಾರ ಸಂಜೆಗಿತ್ತು. ಬೆಳಗಿನ ಒಂದು ಗಂಟೆ ಸಿಕ್ಕಿದ್ದರೆ ಸಾಕಾಗಿತ್ತು.

ನಾವಿಕ ಮುಂದೆ ಹಗ್ಗ ಸುತ್ತುತ್ತಿದ್ದ. ಹೋಗಿ ಕೇಳಿದೆ, ನಾಳೆ ಇದೇ ದೋಣಿ ನಮಗೆ ಸಿಗುತ್ತದೆಯೇ ಅಂತ. ನಾಳೆ ಹತ್ತು ಗಂಟೆಗೆ ಬೇರೆಯವರಿಗೆ ಕೊಟ್ಟಾಗಿದೆ, ಕ್ಷಮಿಸಿ, ಅಂದ. ಹತ್ತು ಗಂಟೆಗೆ! ಹತ್ತಕ್ಕೆ ಮುಂಚೆ ಅಂತ ಕೇಳುವುದು ಯಾವ ಮಗುವಿಗೂ ತಿಳಿಯುತ್ತದೆ. ನನ್ನ ಬಾಯಲ್ಲಿ ಮೂರು ಮಾತು ಸಾಲಾಗಿ ನಿಂತಿದ್ದವು. ಏಳರಿಂದ ಎಂಟು ಕೊಡಿ, ದೋಣಿ ಕಟ್ಟೆ ಬಿಡುವುದೇ ಬೇಡ, ನಾವೇ ತೊಳೆದು ಕೊಡುತ್ತೇವೆ. ಮನುಷ್ಯ ಒಳ್ಳೆಯವನು, ಒಪ್ಪುತ್ತಾನೆ ಅಂತ ಮುಖದಲ್ಲೇ ಕಾಣುತ್ತಿತ್ತು. ಇಷ್ಟು ವರ್ಷ ವ್ಯಾಪಾರ ಮಾಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಅವನು ಹಗ್ಗ ಬಿಟ್ಟು, ನಾನು ಇನ್ನೇನೋ ಕೇಳುತ್ತೇನೆಂದು ಕಾದ ಕೂಡ. ನಾನು ಥ್ಯಾಂಕ್ಸ್ ಹೇಳಿದೆ. ಜೀವಮಾನದಲ್ಲಿ ಮೊದಲನೇ ಸಲ ಮೊದಲನೇ "ಇಲ್ಲ"ಕ್ಕೆ ವಾಪಸು ಬಂದೆ.

"ಆಗಲ್ವಂತೆ ಅಕ್ಕ. ಬೇರೆಯವರಿಗೆ ಕೊಟ್ಟಿದಾನಂತೆ."

"ಇಷ್ಟು ಬೇಗ ಬಂದ್ಬಿಟ್ಯಾ?" ಅಂದರು ಅತ್ತೆ.

ಅಕ್ಕನಿಗೆ ಆ ಮಾತು ತಟ್ಟಲಿಲ್ಲ. ಅವಳು ಕಣ್ಣೊರೆಸಿಕೊಂಡು, ಹೋಗಲಿ ಬಿಡು, ನೀನಾದರೂ ಕೇಳಿದೆಯಲ್ಲ ಅಂತ ನನ್ನ ಭುಜ ತಟ್ಟಿದಳು. ಮಾಡಿದ ಅಡುಗೆ ಕೆಡಿಸಬಾರದು ಅಂತ ನನ್ನನ್ನು ಕೂರಿಸಿದಳು. ಬಿಳೀ ಬಟ್ಟೆ ಹಾಸಿದ ಮೇಜು, ಎದುರಿಗೆ ಕೋಟೆ, ಕೆಳಗೆ ತಳದ ಕಲ್ಲು ಕಾಣುವಂಥ ತಿಳಿನೀರು. ಬೆಳಗಿನ ಎಂಟು ಗಂಟೆಗೆ ನಾನೊಬ್ಬಳೇ ತೊವ್ವೆ ಅನ್ನ, ನೆಲ್ಲಿಕಾಯಿ ತಂಬುಳಿ ಉಂಡೆ. ಅಕ್ಕ ನಿಂತು ಬಡಿಸಿದಳು. ತಾನು ಉಣ್ಣಲಿಲ್ಲ, ಅತ್ತೆ ಉಪವಾಸವಿದ್ದರೆ ನಾನೂ ಅಂದಳು. ಅವಳ ಜನ್ಮದಲ್ಲೇ ಅವಳು ಏಕಾದಶಿ ಮಾಡಿದವಳಲ್ಲ.

ತೊವ್ವೆ ಹದವಾಗಿತ್ತು. ಶುಂಠಿ, ಹಸಿಮೆಣಸು, ಉಪ್ಪು, ಎಲ್ಲ ಎಲ್ಲಿರಬೇಕೋ ಅಲ್ಲೇ. ಮೊದಲ ತುತ್ತು ಬಾಯಿಗಿಡುವಾಗ ಕೆಟ್ಟಿರಲಿ ದೇವರೇ ಅಂದುಕೊಂಡಿದ್ದೆ. ಕೆಟ್ಟಿರಲಿಲ್ಲ.

"ಹ್ಯಾಂಗ ಆಗೇದ? ಖರೇ ಹೇಳು" ಅಂದಳು.

"ಚೆನ್ನಾಗಿದೆ... ಉಪ್ಪು ಸ್ವಲ್ಪ ಮುಂದಾಯ್ತು ಅಷ್ಟೇ. ಮೊದಲನೇ ಸಲ ಅಲ್ವಾ ಅಕ್ಕ, ಹಾಗೇ ಆಗುತ್ತೆ. ಅಭ್ಯಾಸ ಬೇಕು."

ಚಮಚದ ಮೇಲೆ ಚಾಕು ಎಳೆದು ಅಳೆದವಳಿಗೆ ಹಾಗೆ ಹೇಳಿದೆ. ಅವಳು ಒಳಗೆ ಹೋಗಿ ಗೋಡೆಯ ಮೇಲಿನ ಚೀಟಿ ಕಿತ್ತು ಮಡಚಿ ಪರ್ಸಿನಲ್ಲಿ ಹಾಕಿಕೊಂಡಳು.

ಆಮೇಲೆ ಹಳ್ಳಿ ಸುತ್ತಿದೆವು. ಹಾಸುಗಲ್ಲಿನ ಓಣಿ, ಕಮಾನಿನ ಹೆಬ್ಬಾಗಿಲು. ಅವರಿಬ್ಬರೂ ಮುಂದೆ, ಅತ್ತೆಯ ಕೈ ಅಕ್ಕನ ತೋಳಿನಲ್ಲಿ. ಇಬ್ಬರೂ ಹಸಿದವರು, ಇಬ್ಬರೂ ನಿಧಾನ. ನಾನು ತುಂಬಿದ ಹೊಟ್ಟೆಯಲ್ಲಿ ಹಿಂದೆ. ಇಬ್ಬರು ಹಸಿದು ಜೊತೆಗೆ ನಡೆಯುವುದನ್ನು ಕಂಡು ಹೊಟ್ಟೆ ಉರಿಯುತ್ತದೆ ಅಂತ ನನಗೆ ಅದುವರೆಗೆ ಗೊತ್ತಿರಲಿಲ್ಲ. ಒಂದು ಅಂಗಡಿಯಲ್ಲಿ ಲ್ಯಾವೆಂಡರ್ ಹೂವಿನ ಪುಟ್ಟ ಚೀಲ ಮಾರುತ್ತಿದ್ದರು. ಸುಮ್ಮನಿರಲಾರದೆ ಅಲ್ಲಿ ನಿಂತು ಚೌಕಾಸಿಗೆ ಇಳಿದೆ. ನನಗೆ ಫ್ರೆಂಚ್ ಬರುವುದಿಲ್ಲ, ಆ ಮುದುಕಿಗೆ ಇಂಗ್ಲಿಷ್ ಬರುವುದಿಲ್ಲ. ಬೆರಳಿನಲ್ಲೇ ಕಾಲು ಗಂಟೆ ಗುದ್ದಾಡಿ ನಾಲ್ಕು ಚೀಲದ ಬೆಲೆಗೆ ಐದು ತಗೊಂಡೆ. ಗೆದ್ದ ಖುಷಿಯಲ್ಲಿ ತಿರುಗಿದರೆ ಎದುರುಗಡೆ ಕಲ್ಲಿನ ಬೆಂಚಿನ ಮೇಲೆ ಅತ್ತೆ ಕೂತು ನನ್ನನ್ನೇ ನೋಡುತ್ತಿದ್ದರು. ಶುರುವಿನಿಂದ ಕೊನೆಯವರೆಗೂ ನೋಡಿದ್ದರು ಅಂತ ಕಾಣುತ್ತದೆ. ನಾನು ಹತ್ತಿರ ಹೋಗುವಷ್ಟರಲ್ಲಿ ಅವರು ಅಕ್ಕನ ಕಡೆ ತಿರುಗಿ ಹೇಳಿಬಿಟ್ಟರು.

"ನಿಮ್ಮನೇಗೇ ಬಂದ್ಬಿಡ್ತೀನಿ ಕಣೇ. ಇನ್ನು ಅಲ್ಲೇ."

ಅಕ್ಕ ತಬ್ಬಿಬ್ಬಾದಳು. ನನ್ನ ಮುಖ ನೋಡಿದಳು, ಅವಳಿಗೆ ನನ್ನ ಬಗ್ಗೆ ಕನಿಕರವೇ ಆಗಿತ್ತು. "ಅತ್ತಿ, ನನಗ ಅಡಿಗಿ ಬರೂದಿಲ್ರೀ. ತಂಗಿ ಛಲೋ ನೋಡ್ಕೋತಾಳ" ಅಂದಳು. ಅತ್ತೆ, "ಊಟ ಯಾರಾದ್ರೂ ಹಾಕ್ತಾರೆ ಬಿಡೇ" ಅಂದರು.

ಮಾರನೇ ದಿನ ಅತ್ತೆಯ ಪಾರಣೆ ಹೋಟೆಲಿನ ರೂಮಿನಲ್ಲಿ ಆಯಿತು, ನಾನೇ ನೆನೆಸಿದ ಅವಲಕ್ಕಿಯಲ್ಲಿ. ತಿಂದರು. ಹೇಗಿದೆ ಅಂತ ಹೇಳಲಿಲ್ಲ.

ಅತ್ತೆ ಆರು ವರ್ಷ ಚಿಕಾಗೋದಲ್ಲಿದ್ದರು. ಪ್ರತಿ ಏಕಾದಶಿಗೆ ಅಕ್ಕ ಅವರನ್ನು ಹತ್ತಿರದ ಲೆಮಾಂಟ್ ಊರಿನ ಗುಡಿಗೆ ಕರೆದುಕೊಂಡು ಹೋಗುವಳಂತೆ, ಡ್ಯೂಟಿ ಬದಲಾಯಿಸಿಕೊಂಡು. ಆ ದಿನಗಳಲ್ಲಿ ನಾನು ಫೋನಿನಲ್ಲಿ ಬುದ್ಧಿ ಹೇಳಿದ್ದೇ ಹೇಳಿದ್ದು. ಮಂಡಿಗೆ ಯಾವ ಎಣ್ಣೆ, ಯಾವ ಅಂಗಡಿಯಲ್ಲಿ ಅಗ್ಗ. ಅಕ್ಕ ಎಲ್ಲಾ ಬರೆದುಕೊಳ್ಳುವಳು. ಡಾಕ್ಟರು, ನನ್ನಿಂದ ಎಣ್ಣೆ ಬರೆದುಕೊಳ್ಳುವಳು! ಅವಳು ಅದನ್ನು ನಟನೆಗೆ ಮಾಡುತ್ತಿದ್ದಳು ಅಂತ ನಂಬಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ಅವಳಿಗೆ ಕಾಯಿಲೆ ಅಂತ ತಿಳಿದದ್ದು ಬೇಸಿಗೆಯಲ್ಲಿ, ಹೋದದ್ದು ಡಿಸೆಂಬರಿನಲ್ಲಿ. ಹದಿಮೂರನೇ ದಿನ ಊಟ ಮುಗಿದ ಮೇಲೆ ಭಾವ ನನ್ನ ಪಕ್ಕ ಬಂದು ಕೂತರು. "ಜಿನೀವಾ ಸುದ್ದಿ ಎಷ್ಟು ಜನಕ್ಕೆ ಹೇಳ್ತಿದ್ಲು ಗೊತ್ತಾ? ನನ್ನ ತಂಗಿ ನನಗೋಸ್ಕರ ಆ ದೋಣಿಯವನ ಹತ್ರ ಜಗಳಾನೇ ಆಡಿದ್ಲು ಅಂತ" ಅಂದರು. ಆ ಮನೆ ತುಂಬ ಜನ, ಎಲ್ಲರೂ ನನ್ನನ್ನು ಒಳ್ಳೆಯವಳು ಅನ್ನುವ ಹಾಗೆ ನೋಡಿದರು. ನಾನು ಎದ್ದು ಎಲೆಗಳನ್ನು ತೆಗೆದೆ. ಭಟ್ಟರ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ದೋಣಿಗೆ ತಂದಿದ್ದ ಆ ಪಾತ್ರೆಗಳಿದ್ದವು, ಒಂದರೊಳಗೊಂದು, ನಡುವೆ ಪೇಪರು ಇಟ್ಟು. ಮತ್ತೆ ಬಳಸಿದ ಹಾಗಿರಲಿಲ್ಲ.

ಆಮೇಲೆ ಭಾವ ಅತ್ತೆಯನ್ನು ಕಾರಿನಲ್ಲಿ ಕರೆತಂದು ನಮ್ಮಲ್ಲಿ ಬಿಟ್ಟರು. ನನಗೆ ಬೇಕಾಗಿದ್ದದ್ದು ಬಂತು. ಕೆಳಗಿನ ರೂಮು ಅವರದ್ದು, ಒಲೆ ನನ್ನದು. ಈಗಲೂ ನನಗೆ ಅವಳ ಮೇಲೆ ಅಸೂಯೆ ಹೋಗಿಲ್ಲ. ಸತ್ತವಳ ಮೇಲೆ ಅಸೂಯೆ ಪಡುವುದರಲ್ಲಿ ಒಂದು ಕಷ್ಟವಿದೆ, ಅವಳು ಇನ್ನು ಒಂದು ತಪ್ಪೂ ಮಾಡುವುದಿಲ್ಲ.

ಮೊನ್ನೆ ದ್ವಾದಶಿ. ಅತ್ತೆಗೆ ಎಂಬತ್ತೆಂಟು, ಕಿವಿ ಮಂದವಾಗಿದೆ, ಏಕಾದಶಿ ಮಾತ್ರ ಬಿಟ್ಟಿಲ್ಲ. ಬೆಳಗ್ಗೆ ಬಡಿಸಿದೆ. ತೊವ್ವೆ ಕಲಸಿ, ತುತ್ತು ಬಾಯಿಗಿಡದೆ ಹಾಗೇ ಕೂತರು.

"ಆರು ವರ್ಷ ಅವಳ ಮನೇಲಿದ್ದೆ. ಒಂದು ದಿನಾನೂ ಅವಳು ಒಲೆ ಮುಟ್ಟಲಿಲ್ಲ. ಮಾಡೇ ಅಂದ್ರೆ, ನನಗೆ ಉಪ್ಪಿನ ಹದ ಬರಲ್ಲ ಅತ್ತೆ ಅನ್ನೋಳು" ಅಂದರು. ತಲೆಯೆತ್ತಿ ಕೇಳಿದರು, "ಅವತ್ತು ದೋಣೀಲಿ ಮಾಡಿದ್ಲಲ್ಲ. ತಿಂದವಳು ನೀನೊಬ್ಳೇ. ಹೇಗಿತ್ತೇ?"

ನಾನು ಸೌಟು ಹಿಡಿದು ನಿಂತಿದ್ದೆ.

"ಚೆನ್ನಾಗಿತ್ತು ಅತ್ತೆ."

"ಆಂ?"

"ಚೆನ್ನಾಗಿತ್ತು! ಉಪ್ಪು ಸರಿಯಾಗಿತ್ತು. ಎಲ್ಲಾ ಸರಿಯಾಗಿತ್ತು!" ಅಡುಗೆಮನೆ ತುಂಬುವಷ್ಟು ಗಟ್ಟಿಯಾಗಿ ಕೂಗಬೇಕಾಯಿತು.

ಅತ್ತೆ ತಲೆಯಾಡಿಸಿದರು. "ಅವಳಿಗೆ ಹೇಳಬೇಕಿತ್ತು ಕಣೇ" ಅಂದು ತುತ್ತು ಬಾಯಿಗಿಟ್ಟುಕೊಂಡರು.

ಹೇಳಬೇಕಿತ್ತು. ಅವಳು ಹೋಗಿ ಎರಡು ಚಳಿಗಾಲವಾಯಿತು.